ಎಲ್ಲರ ಗ್ರಂಥಾಲಯ

'ದೇಶ ಸುತ್ತಬೇಕು, ಕೋಶ ಓದಬೇಕು' ಎಂಬುದು ಕನ್ನಡ ನಾಡಿನ ಹಳೆಯ ಮಾತು. ದೇಶ ಸುತ್ತಲು ಹಣ ಬೇಕು, ಬಿಡುವು ಬೇಕು. ಕೋಶ ಓದಲು ಸಮೀಪದಲ್ಲಿ ಒಂದು ಸಾರ್ವಜನಿಕ ಗ್ರಂಥಾಲಯವಿದ್ದರೆ ಸಾಕು. ಅಲ್ಲಿ ಬಡವ ಬಲ್ಲಿದ, ಹಿರಿಯ ಕಿರಿಯ ಎಂಬ ಭೇದವಿಲ್ಲವೆಂದು ಜನರು ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಅದರ ಬಾಗಿಲು ನಿಜವಾಗಿಯೂ ಎಲ್ಲರಿಗೂ ತೆರೆದಿದೆಯೆ?

ತಾಯಿಯೊಬ್ಬಳು ತನ್ನ ಏಳು ವರ್ಷದ ಮಗನನ್ನು ಗ್ರಂಥಾಲಯಕ್ಕೆ ಕರೆತರುವಳೆಂದು ಭಾವಿಸಬಹುದು. ಆ ಹುಡುಗನಿಗೆ ರೈಲಿನ ಚಿತ್ರಗಳೆಂದರೆ ಪ್ರಾಣ. ಅಂಥ ಪುಸ್ತಕ ಕೈಗೆ ಸಿಕ್ಕೊಡನೆ ಅವನು ಸಂತೋಷದಿಂದ ಕೈಗಳನ್ನು ಅಲ್ಲಾಡಿಸುತ್ತಾನೆ; ಒಂದೇ ಮಾತನ್ನು ಗಟ್ಟಿಯಾಗಿ ಮತ್ತೆ ಮತ್ತೆ ಹೇಳುತ್ತಾನೆ. ಓದುತ್ತ ಕುಳಿತವರು ತಲೆಯೆತ್ತಿ ನೋಡುತ್ತಾರೆ. ಗೋಡೆಯ ಮೇಲಿನ 'ನಿಶ್ಶಬ್ದ' ಎಂಬ ಫಲಕದತ್ತ ಯಾರೋ ಬೆರಳು ತೋರುತ್ತಾರೆ. ತಾಯಿ ತಲೆತಗ್ಗಿಸಿ ಹೊರಡುತ್ತಾಳೆ. ಅವಳನ್ನು ಯಾರೂ ಹೊರಗೆ ಕಳುಹಿಸಲಿಲ್ಲ, ನಿಜ. ಆದರೆ ಅವಳು ಮತ್ತೆ ಬರುವುದಿಲ್ಲ.

ಆ ಹುಡುಗನ ನಡತೆ ತುಂಟತನವಲ್ಲ. ತಾಯಿತಂದೆಯರ ಸಾಕಣೆಯ ದೋಷವೂ ಅಲ್ಲ. ಅದು ಸ್ವಲೀನತೆ, ಎಂದರೆ ಆಟಿಸಂ, ಎಂಬ ಸ್ಥಿತಿಯ ಲಕ್ಷಣ. ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಅವರು 1943ರಲ್ಲಿ ಇದನ್ನು ಕುರಿತು ವಿವರವಾಗಿ ಬರೆದರು. ಮಿದುಳಿನ ಬೆಳವಣಿಗೆಯಲ್ಲಿಯೇ ಇರುವ ಭಿನ್ನತೆ ಇದು. ಇಂಥ ಮಕ್ಕಳಲ್ಲಿ ಹಲವರಿಗೆ ಪಂಖದ ಸದ್ದು, ದೀಪದ ಪ್ರಖರತೆ, ಜನಸಂದಣಿ ಸಹಿಸಲಾಗದಷ್ಟು ತೀವ್ರವಾಗಿ ತೋರುತ್ತವೆ. ಮುಂದೇನು ನಡೆಯುವುದೆಂದು ತಿಳಿಯದಿದ್ದರೆ ಗಾಬರಿಯಾಗುತ್ತದೆ. ಕೆಲವರು ಮಾತನಾಡುವುದೇ ಇಲ್ಲ. ಆದರೆ ಮಾತಿಲ್ಲವೆಂದರೆ ಗ್ರಹಿಕೆಯಿಲ್ಲವೆಂದು ಅರ್ಥವಲ್ಲ. ಅಮೆರಿಕದ ಟೆಂಪಲ್ ಗ್ರಾಂಡಿನ್ ಅವರು ಬಾಲ್ಯದಲ್ಲಿ ಬಹಳ ತಡವಾಗಿ ಮಾತು ಕಲಿತವರು. ಮುಂದೆ ಅವರು ಪಶುವಿಜ್ಞಾನದ ಪ್ರಾಧ್ಯಾಪಕರಾದರು. ತಮ್ಮ ಆಲೋಚನೆ ಚಿತ್ರಗಳ ರೂಪದಲ್ಲಿ ಸಾಗುವ ಬಗೆಯನ್ನು ಪುಸ್ತಕವಾಗಿಯೇ ಬರೆದರು.

ಈ ಮಕ್ಕಳಿಗಾಗಿ ಗ್ರಂಥಾಲಯ ಏನು ಮಾಡಬಲ್ಲದು? ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸ್ಕಾಚ್ ಪ್ಲೇನ್ಸ್ ಮತ್ತು ಫ್ಯಾನ್‌ವುಡ್ ಎಂಬ ನೆರೆಹೊರೆಯ ಊರುಗಳ ಗ್ರಂಥಾಲಯಗಳು 2008ರಲ್ಲಿ ಇದಕ್ಕೆ ಉತ್ತರ ಹುಡುಕಿದವು. ಅವು ಮೊದಲು ಶಿಕ್ಷಣ ನೀಡಲು ಹೊರಟದ್ದು ಮಕ್ಕಳಿಗಲ್ಲ, ಸಿಬ್ಬಂದಿಗೆ. ಸ್ವಲೀನತೆಯುಳ್ಳವರೊಡನೆ ಹೇಗೆ ವರ್ತಿಸಬೇಕೆಂಬುದನ್ನು ತಿಳಿಸುವ ಕಿರುಚಿತ್ರವೊಂದನ್ನು ಅವು ಸಿದ್ಧಪಡಿಸಿದವು. ಈಗ ಆ ದೇಶದ ಅನೇಕ ಗ್ರಂಥಾಲಯಗಳಲ್ಲಿ ಈ ಮಕ್ಕಳಿಗೆಂದೇ ಕಥಾಸಮಯ ನಡೆಯುತ್ತದೆ. ಅಲ್ಲಿ ಮಕ್ಕಳ ಗುಂಪು ಚಿಕ್ಕದು. ದೀಪದ ಬೆಳಕು ಸೌಮ್ಯ. ಮೊದಲು ಹಾಡು, ಅನಂತರ ಕಥೆ, ಕೊನೆಗೆ ಆಟ ಎಂಬ ಕ್ರಮವನ್ನು ಚಿತ್ರಗಳಲ್ಲಿ ಬರೆದು ಗೋಡೆಗೆ ಅಂಟಿಸಿರುತ್ತಾರೆ. ಮಗು ಎದ್ದು ಓಡಾಡಿದರೆ ಗದರುವವರಿಲ್ಲ. ಕಥೆ ಮುಗಿದ ಮೇಲೆ ತಾಯಿತಂದೆಯರು ಪರಸ್ಪರ ಮಾತನಾಡುತ್ತಾರೆ. ಒಡಹುಟ್ಟಿದವರೂ ಜೊತೆಗೂಡಿ ಆಡುತ್ತಾರೆ. ವೈದ್ಯಾಲಯದಲ್ಲಿ ಆ ಮಗು ರೋಗಿಯೆನಿಸಿಕೊಳ್ಳಬಹುದು. ಗ್ರಂಥಾಲಯದಲ್ಲಿ ಮಾತ್ರ ಅದು ಓದುಗ. ಈ ಕಾರ್ಯಕ್ರಮಗಳ ಹಿರಿಮೆ ಇರುವುದು ಇಲ್ಲಿಯೇ.

ಇದು ಶ್ರೀಮಂತ ರಾಷ್ಟ್ರಗಳ ಮಾತು, ಇಲ್ಲಿ ನಡೆಯದು ಎಂದು ಕೆಲವರು ಹೇಳಬಹುದು. ಆದರೆ ಇದಕ್ಕೆ ಬೇಕಾದದ್ದು ಭಾರಿ ಯಂತ್ರಗಳಲ್ಲ. ಒಂದು ಜಮಖಾನ, ಕೆಲವು ಚಿತ್ರಗಳು, ವಾರಕ್ಕೊಂದು ಗಂಟೆ, ತಾಳ್ಮೆಯುಳ್ಳ ಒಬ್ಬ ಗ್ರಂಥಪಾಲಕ. ಇದರಿಂದ ಉಳಿದ ಓದುಗರ ಶಾಂತಿ ಕೆಡುವುದೆಂಬ ಆಕ್ಷೇಪವನ್ನೂ ತಳ್ಳಿಹಾಕುವಂತಿಲ್ಲ; ಪರೀಕ್ಷೆಗೆ ಓದುವವನಿಗೆ ಮೌನ ಬೇಕೇ ಬೇಕು. ಆದ್ದರಿಂದಲೇ ಪ್ರತ್ಯೇಕ ಸಮಯ ಗೊತ್ತುಪಡಿಸುವುದು ಯುಕ್ತ. ಆದರೆ ಆ ಒಂದು ಗಂಟೆ ಮೆಟ್ಟಿಲಾಗಬೇಕೇ ಹೊರತು ಬೇಲಿಯಾಗಬಾರದು. ಅಲ್ಲಿ ಪರಿಚಯ ಬೆಳೆಸಿಕೊಂಡ ಮಗು ಮುಂದೊಂದು ದಿನ ಎಲ್ಲರೊಡನೆ ಬಂದು ಕುಳಿತುಕೊಳ್ಳುವಂತಾಗಬೇಕು.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಐದು ಸೂತ್ರಗಳನ್ನು ಪ್ರಕಟಿಸಿದರು. ಪ್ರತಿಯೊಬ್ಬ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ದೊರೆಯಬೇಕೆಂಬುದು ಅವುಗಳಲ್ಲೊಂದು. ಆ ಸೂತ್ರ ಯಾವ ಓದುಗನನ್ನೂ ಹೊರಗಿಡಲಿಲ್ಲ. ಜೀವನದ ಕೊನೆಯ ವರ್ಷಗಳನ್ನು ಅವರು ಕಳೆದದ್ದು ಬೆಂಗಳೂರಿನಲ್ಲಿಯೇ. 1965ರಲ್ಲಿ ಈ ರಾಜ್ಯಕ್ಕೆ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ದೊರೆಯಿತು. ಅದರಂತೆ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ವಸೂಲು ಮಾಡಲಾಗುತ್ತದೆ. ಸ್ವಲೀನತೆಯುಳ್ಳ ಮಗುವಿನ ಮನೆಯವರೂ ಆ ಕರವನ್ನು ತೆರುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಸ್ವಲೀನತೆಯನ್ನು ಹೆಸರಿಸಿಯೇ ಮಾನ್ಯಮಾಡಿದೆ. ಹೀಗಿರುವಾಗ ಅವರಿಗೆ ಬಾಗಿಲು ತೆರೆಯುವುದು ದಾನವಲ್ಲ, ಸಲ್ಲಬೇಕಾದುದನ್ನು ಸಲ್ಲಿಸುವುದು.

ಕಾಯಿದೆಗಳು ಬಾಗಿಲನ್ನು ತೆರೆಯಬಲ್ಲವು. ಒಳಗೆ ಬಂದವರನ್ನು ಆದರಿಸಬೇಕಾದವರು ಒಳಗಿರುವ ಓದುಗರು. ಪಕ್ಕದ ಮೇಜಿನ ಮಗು ಕೂಗಿದಾಗ ಹುಬ್ಬು ಗಂಟಿಕ್ಕದೆ ಮುಗುಳ್ನಗುವ ವಿದ್ಯಾರ್ಥಿಯೊಬ್ಬನಿದ್ದರೆ, ಆ ತಾಯಿ ಮರುದಿನವೂ ಮಗನ ಕೈಹಿಡಿದು ಗ್ರಂಥಾಲಯದ ಮೆಟ್ಟಿಲು ಹತ್ತುವಳು.