ಗ್ರಹಣವೂ ಕೂಸಿನ ಕಾಲೂ

೨೦೧೯ನೆಯ ಇಸವಿ ಡಿಸೆಂಬರ್ ೨೬ರ ಬೆಳಿಗ್ಗೆ ಸೂರ್ಯಗ್ರಹಣವಾಯಿತು. ಆ ಹೊತ್ತಿನಲ್ಲಿ ಕಲಬುರಗಿಗೆ ಸಮೀಪವಾದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವುಳ್ಳ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಿ ನಿಲ್ಲಿಸಿದ್ದರು. ಹಾಗೆ ಮಾಡಿದರೆ ಬಲವಿಲ್ಲದ ಕೈಕಾಲುಗಳಿಗೆ ಬಲ ಬರುವುದೆಂದು ನಂಬಿಕೆ. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳೂ ೨೦೦೯ರ ಕಡೆಯ ಪರಿಯಂತ ಅದೇ ಜಿಲ್ಲೆಗೆ ಸೇರಿದ್ದವು. ಇಂತಹ ನಂಬಿಕೆಗೆ ತಾಲ್ಲೂಕಿನ ಗಡಿ ತಿಳಿಯದು.

ಇದನ್ನು ಕೇಳಿ ನಗುವುದು ಸುಲಭ. ಆದರೆ ಮಕ್ಕಳನ್ನು ಹೂಳಿದವರು ವೈರಿಗಳಲ್ಲ, ಹೆತ್ತವರು. ನಮಗೆ ಹೆಚ್ಚು ಕ್ರೂರವಾಗಿ ಕಾಣುವುದು ಬೇರೊಂದು ಮಾತು: ಬಸುರಿಯು ಗ್ರಹಣಕಾಲದಲ್ಲಿ ಈಳಿಗೆ ಹಿಡಿದಳು, ಅದರಿಂದಲೇ ಕೂಸಿನ ತುಟಿ ಸೀಳಿತು ಎಂಬುದು. ಸೀಳುತುಟಿಯನ್ನು ಶಸ್ತ್ರವೈದ್ಯರು ಹೊಲಿಯಬಲ್ಲರು. ತಾಯಿಯ ಮೇಲೆ ಹೊರಿಸಿದ ಅಪವಾದವನ್ನು ಯಾರು ಹೊಲಿಯಬೇಕು?

ನಮ್ಮ ನಾಡಿನ ಸಂಪ್ರದಾಯವೆಲ್ಲವೂ ಹೀಗೆಯೇ ಎನ್ನಲಾಗದು. ಹುಟ್ಟುಕುರುಡರಾದ ಪಂಚಾಕ್ಷರ ಗವಾಯಿಗಳನ್ನು (೧೮೯೨–೧೯೪೪) ಹಾನಗಲ್ಲ ಕುಮಾರಸ್ವಾಮಿಗಳು ಸಂಗೀತಕ್ಕೆ ಹಚ್ಚಿದರು. ಗದುಗಿನ ಪುಣ್ಯಾಶ್ರಮದಲ್ಲಿ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡವರು. ೨೦೧೦ರಲ್ಲಿ ಅವರಿಗೆ ಪದ್ಮಭೂಷಣವೂ ಸಂದಿತು. ಕಣ್ಣಿಲ್ಲದ ಕೂಸಿಗೆ ಹೀಗೆ ಒಂದು ದಾರಿ ಕಂಡಿತು. ಕಾಲಿಲ್ಲದ ಕೂಸು ಮಾತ್ರ ಹರಕೆ, ತಾಯತಗಳ ನಡುವೆ ಪಡಸಾಲೆಯ ಮೂಲೆಯಲ್ಲಿ ಉಳಿಯಿತು.

ಹುಟ್ಟುವ ಮೊದಲಾಗಲಿ ಹುಟ್ಟುವಾಗಲಾಗಲಿ ಮಿದುಳಿಗೆ ಪೆಟ್ಟಾದುದರಿಂದ ಅಂಗಗಳು ಬಿಗಿದ ಕೂಸಿಗೆ ಪೂರ್ಣವಾಸಿ ಮಾಡುವ ಔಷಧವಿಲ್ಲ. ಆದರೆ ಎಳವೆಯಿಂದಲೇ ಅಂಗಸಾಧನೆ ಮಾಡಿಸಿದರೆ ಕೂರುವ, ಹಿಡಿಯುವ, ಎಷ್ಟೋ ಮಕ್ಕಳಿಗೆ ನಡೆಯುವ ಶಕ್ತಿಯೂ ಬರುತ್ತದೆ. ಸೊಟ್ಟಪಾದದ ಸಂಗತಿಯಂತೂ ಬಹಳ ಆಶಾದಾಯಕ. ಹುಟ್ಟಿದ ಕೆಲವು ವಾರಗಳಲ್ಲೇ ತೋರಿಸಿದರೆ, ವಾರಕ್ಕೊಮ್ಮೆ ಪಾದವನ್ನು ಮೆಲ್ಲನೆ ತಿದ್ದಿ ಗಚ್ಚಿನ ಪಟ್ಟಿ ಹಾಕುತ್ತಾರೆ. ಐದಾರು ಪಟ್ಟಿಗಳಲ್ಲಿ ಪಾದವು ಬಹುಮಟ್ಟಿಗೆ ನೇರವಾಗುತ್ತದೆ. ಹಿಮ್ಮಡಿಯ ನರವನ್ನು ತುಸು ಕತ್ತರಿಸಬೇಕಾಗುವುದೂ ಉಂಟು. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೊಟ್ಟಪಾದ, ಸೀಳುತುಟಿಗಳೆರಡೂ ಸೇರಿವೆ. ಅಂಗನವಾಡಿಯಲ್ಲಿಯೂ ಶಾಲೆಯಲ್ಲಿಯೂ ಮಕ್ಕಳನ್ನು ಪರೀಕ್ಷಿಸಿ, ಬೇಕಾದವರನ್ನು ಮುಂದಿನ ಚಿಕಿತ್ಸೆಗೆ ಕಳುಹುತ್ತಾರೆ.

ಮನೆಯ ಹಿರಿಯರಿಗೆ ಒಂದು ಮಾತು. ಪಟ್ಟಿ ಬಿಚ್ಚಿದ ಮೇಲೆ ಕೂಸಿಗೆ ವಿಶೇಷ ಪಾದರಕ್ಷೆ ತೊಡಿಸಬೇಕು: ಮೊದಲ ಮೂರು ತಿಂಗಳು ಹೆಚ್ಚುಕಡಿಮೆ ಹಗಲಿರುಳೂ, ಅನಂತರ ನಾಲ್ಕು ವರ್ಷ ತುಂಬುವವರೆಗೆ ಮಲಗುವಾಗ. ಕೂಸು ರಾತ್ರಿ ಅತ್ತಿತೆಂದು ಅಜ್ಜಿಯರು ಕನಿಕರದಿಂದ ಅದನ್ನು ಬಿಚ್ಚಿಡುತ್ತಾರೆ. ಪಾದವು ಮತ್ತೆ ತಿರುಗುವುದು ಬಹುಪಾಲು ಹೀಗೆಯೇ.