ಹಳೆಯ ಕಂಪ್ಯೂಟರಿಗೆ ಹೊಸ ಡಿಸ್ಕ್

ಲ್ಯಾಪ್‌ಟಾಪಿನ ಗುಂಡಿ ಒತ್ತಿ, ಅಡುಗೆಮನೆಗೆ ಹೋಗಿ ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ಇನ್ನೂ ತಿರುಗುತ್ತಲೇ ಇರುವ ಮನೆಗಳು ಅನೇಕ. ಯಂತ್ರಕ್ಕೆ ಏಳೆಂಟು ವರ್ಷ. ಮಗಳಿಗೆ ಕಾಲೇಜಿನ ಪ್ರಾಜೆಕ್ಟ್ ಮುಗಿಸುವ ಅವಸರ, ಅಪ್ಪನಿಗೆ ಹೊಸದಕ್ಕೆ ಹಣ ಹೊಂದಿಸುವ ಚಿಂತೆ. ಆದರೆ ಇಂಥ ಯಂತ್ರಗಳಲ್ಲಿ ಅನೇಕ ವೇಳೆ ಮಂದವಾಗಿರುವುದು ಲೆಕ್ಕ ಮಾಡುವ ಪ್ರೊಸೆಸರ್ ಅಲ್ಲ, ಮಾಹಿತಿಯ ಉಗ್ರಾಣವಾದ ಹಾರ್ಡ್ ಡಿಸ್ಕ್.

ಏಕೆ ಮಂದ? ಪೆನ್ಸಿಲ್ ಹಿಡಿದು ಲೆಕ್ಕ ಹಾಕಿ ನೋಡಿ. ಲ್ಯಾಪ್‌ಟಾಪಿನ ಸಾಮಾನ್ಯ ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಮಾಹಿತಿ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಆ ತಲೆ ಸರಿಯಾದ ಪಥಕ್ಕೆ ಸರಿಯಲು ಇನ್ನೊಂದು 12 ಮಿಲಿಸೆಕೆಂಡು ಎಂದಿಟ್ಟುಕೊಳ್ಳಿ. ಎರಡನ್ನೂ ಕೂಡಿಸಿದರೆ ಸೆಕೆಂಡಿಗೆ 60ಕ್ಕಿಂತ ಕಡಿಮೆ ಬಾರಿ ಮಾತ್ರ ಅದು ಬೇರೆ ಬೇರೆ ಜಾಗದಿಂದ ಓದಬಲ್ಲದು. ಕಂಪ್ಯೂಟರ್ ಏಳುವಾಗ ಅಲ್ಲಲ್ಲಿ ಚದುರಿದ 6000 ತುಣುಕುಗಳನ್ನು ಓದಬೇಕಾದರೆ? ನೂರು ಸೆಕೆಂಡು ಹೋಯಿತು!

ಸಾಲಿಡ್ ಸ್ಟೇಟ್ ಡ್ರೈವ್, ಚಿಕ್ಕದಾಗಿ ಎಸ್‌ಎಸ್‌ಡಿ, ಇದರಲ್ಲಿ ತಿರುಗುವ ತಟ್ಟೆಯೂ ಇಲ್ಲ, ಓಡಾಡುವ ತಲೆಯೂ ಇಲ್ಲ. ಚಿಪ್ಪಿನೊಳಗಿನ ಸೂಕ್ಷ್ಮ ಕೋಶಗಳಲ್ಲಿ ಸೆರೆಹಿಡಿದ ವಿದ್ಯುದಾವೇಶವೇ ಇಲ್ಲಿ ಮಾಹಿತಿ. ಜಪಾನಿನ ತೋಷಿಬಾ ಕಂಪನಿಯ ಎಂಜಿನಿಯರ್ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ಕಂಡುಹಿಡಿದ ಫ್ಲ್ಯಾಶ್ ಸ್ಮೃತಿ ಇದರ ತಳಹದಿ. 1991ರಲ್ಲಿ ಬಂದ 20 ಮೆಗಾಬೈಟಿನ ಇಂಥ ಡ್ರೈವಿಗೆ ಸುಮಾರು ಸಾವಿರ ಡಾಲರ್ ಬೆಲೆಯಿತ್ತು. ಇಂದಿನ ಮೊಬೈಲಿನ ಆರೇಳು ಚಿತ್ರಗಳಿಗೆ ಅದು ತುಂಬಿಹೋಗುತ್ತಿತ್ತು. ಎಸ್‌ಎಸ್‌ಡಿಯಲ್ಲಿ ಒಂದು ಓದಿಗೆ ಸುಮಾರು 0.1 ಮಿಲಿಸೆಕೆಂಡು ಸಾಕು. ಮೇಲಿನ 6000 ತುಣುಕುಗಳಿಗೆ ಎಷ್ಟಾಯಿತೆಂದು ನೀವೇ ಲೆಕ್ಕ ಮಾಡಿ. ಯಂತ್ರಕ್ಕೆ ಬೇರೆ ಕೆಲಸಗಳೂ ಇರುವುದರಿಂದ ಅದು ಕಣ್ಣುಮುಚ್ಚಿ ತೆರೆಯುವುದರೊಳಗೆ ಏಳುವುದಿಲ್ಲ, ನಿಜ. ಆದರೂ ಕಾಫಿ ಕುಡಿಯುವಷ್ಟು ಹೊತ್ತು ಬೇಡ.

ಹೊಸ ಡ್ರೈವ್ ತಂದದ್ದಾಯಿತು. ಹಳೆಯ ಡಿಸ್ಕಿನ ಕಡತಗಳನ್ನೆಲ್ಲ ಅದಕ್ಕೆ ನಕಲು ಮಾಡಿದರೆ ಸಾಲದೇ? ಸಾಲದು. ಕಡತಗಳ ಪಟ್ಟಿಯಲ್ಲಿ ಕಾಣದ ಕೆಲವು ಸಂಗತಿಗಳು ಡಿಸ್ಕಿನಲ್ಲಿರುತ್ತವೆ. ಹಳೆಯ ಪದ್ಧತಿಯ ಡಿಸ್ಕಿನಲ್ಲಿ ಮೊಟ್ಟಮೊದಲ 512 ಬೈಟುಗಳೇ ಮುಖ್ಯ: 446 ಬೈಟುಗಳಲ್ಲಿ ಯಂತ್ರವನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮ್, 64ರಲ್ಲಿ ಡಿಸ್ಕಿನ ವಿಭಾಗಗಳ ಪಟ್ಟಿ, ಕೊನೆಯ ಎರಡರಲ್ಲಿ ಗುರುತಿನ ಮೊಹರು. ಈಚಿನ ಕಂಪ್ಯೂಟರುಗಳಲ್ಲಿ ಇದೇ ಕೆಲಸಕ್ಕೆ ಒಂದು ಚಿಕ್ಕ ಪ್ರತ್ಯೇಕ ವಿಭಾಗವಿದ್ದು, ಅದು ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಇವೂ ಬಂದರೆ ಮಾತ್ರ ಹೊಸ ಡ್ರೈವಿನಿಂದ ಯಂತ್ರ ಏಳುತ್ತದೆ. ಆದ್ದರಿಂದ ಮಾಡಬೇಕಾದದ್ದು ಕ್ಲೋನಿಂಗ್, ಅಂದರೆ ತದ್ರೂಪು ತೆಗೆಯುವುದು. 1996ರಲ್ಲಿ ಹುಟ್ಟಿದ ಡಾಲಿ ಕುರಿಯಿಂದ ಮನೆಮಾತಾದ ಪದವೇ ಇದು! ಇದಕ್ಕೆ ಕ್ಲೋನ್‌ಜಿಲ್ಲಾದಂಥ ಉಚಿತ ತಂತ್ರಾಂಶಗಳಿವೆ. ಸಾಮಾನ್ಯ ವಿಧಾನದಲ್ಲಿ ಇದು ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡ ಡ್ರೈವನ್ನು ಕೇಳುತ್ತದೆ. ಕೊಳ್ಳುವಾಗಲೇ ಇದು ನೆನಪಿರಲಿ.

ಅನಾಹುತ ಆಗುವುದು ಇಲ್ಲಿಯೇ. ತಂತ್ರಾಂಶ ಎರಡು ಪ್ರಶ್ನೆ ಕೇಳುತ್ತದೆ: ಮೂಲ ಯಾವುದು, ಗುರಿ ಯಾವುದು? ಉತ್ತರ ಅದಲುಬದಲಾದರೆ ಖಾಲಿ ಡ್ರೈವಿನ ತದ್ರೂಪು ತುಂಬಿದ ಡಿಸ್ಕಿನ ಮೇಲೆ ಬೀಳುತ್ತದೆ. ಮಗುವಿನ ನಾಮಕರಣದ ಚಿತ್ರಗಳು, ಅಜ್ಜನ ಧ್ವನಿ, ಮೂರು ತಿಂಗಳ ಪ್ರಾಜೆಕ್ಟ್ ಎಲ್ಲವೂ ಒಂದೇ ಏಟಿಗೆ ಹೋದಂತೆ. ಅದೂ ಹಳೆಯದು 500 ಗಿಗಾಬೈಟ್, ಹೊಸದೂ 500 ಎಂದಾಗ ಪರದೆಯ ಮೇಲೆ ಎರಡೂ ಅವಳಿಗಳಂತೆ ಕಾಣುತ್ತವೆ. ಹೊಸ ಡ್ರೈವ್ ಜೋಡಿಸುವ ಮೊದಲೇ ಅದರ ಮೈಮೇಲಿನ ಮಾದರಿ ಸಂಖ್ಯೆಯನ್ನು ಕಾಗದದಲ್ಲಿ ಬರೆದುಕೊಳ್ಳಿ, ಗುರಿ ಆರಿಸುವಾಗ ಅಕ್ಷರ ಅಕ್ಷರ ತಾಳೆ ನೋಡಿ. ಅದಕ್ಕೂ ಮುಂಚೆ ಅಮೂಲ್ಯ ಕಡತಗಳ ಪ್ರತಿ ಮೂರನೆಯ ಜಾಗದಲ್ಲಿ, ಪೆನ್ ಡ್ರೈವಿನಲ್ಲೋ ಬೇರೊಂದು ಡಿಸ್ಕಿನಲ್ಲೋ, ಇರಲೇಬೇಕು. ಅಂಗಡಿಗೆ ಕೊಟ್ಟು ಮಾಡಿಸುವವರಿಗೂ ಈ ಮಾತು ಅನ್ವಯಿಸುತ್ತದೆ. ಹಳೆಯ ಡಿಸ್ಕ್ ಈಗಾಗಲೇ ಟಿಕ್ ಟಿಕ್ ಸದ್ದು ಮಾಡುತ್ತಿದ್ದರೆ ತದ್ರೂಪಿನ ಯೋಚನೆ ಬದಿಗಿಟ್ಟು ಮೊದಲು ಆ ಕಡತಗಳನ್ನು ಉಳಿಸಿಕೊಳ್ಳಿ.

ವಿಂಡೋಸ್ ಬಳಸುವವರು ಬಿಟ್‌ಲಾಕರ್ ಬೀಗ ಹಾಕಿದೆಯೇ ಎಂದು ನೋಡಬೇಕು. ಹಾಕಿದ್ದರೆ ಅದರ 48 ಅಂಕಿಗಳ ಕೀಲಿಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಡ್ರೈವ್ ಹೊಸದಾದರೂ ಒಳಗಿರುವುದು ಹಳೆಯ ವ್ಯವಸ್ಥೆಯೇ. ಅದು ವಿಂಡೋಸ್ 10 ಆಗಿದ್ದರೆ, ಅದಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಎಸ್‌ಎಸ್‌ಡಿ ಆ ಕೊರತೆಯನ್ನು ತುಂಬದು.

ತದ್ರೂಪು ಮುಗಿದ ಮೇಲೆ ಮೊದಲ ಸಲ ಯಂತ್ರ ಎಬ್ಬಿಸುವಾಗ ಹಳೆಯ ಡಿಸ್ಕನ್ನು ಹೊರಗೆ ತೆಗೆದಿರಿ. ಎರಡೂ ಒಂದೇ ಗುರುತಿನ ಸಂಖ್ಯೆ ಹೊತ್ತಿರುವುದರಿಂದ ಯಂತ್ರಕ್ಕೆ ಗೊಂದಲವಾಗುತ್ತದೆ. ಹಳೆಯದನ್ನು ಅವಸರದಲ್ಲಿ ಅಳಿಸಬೇಡಿ. ಎರಡು ಮೂರು ವಾರ ಹೊಸದರಲ್ಲಿ ಕೆಲಸ ಮಾಡಿ, ಚಿತ್ರಗಳನ್ನೂ ಕಡತಗಳನ್ನೂ ತೆರೆದು ನೋಡಿ. ಆಮೇಲೂ ಆ ಡಿಸ್ಕ್ ಆರೋಗ್ಯವಾಗಿದ್ದರೆ ಯುಎಸ್‌ಬಿ ಪೆಟ್ಟಿಗೆಯೊಂದರಲ್ಲಿ ಕೂರಿಸಿ ಬೀರುವಿನಲ್ಲಿಡಬಹುದು. ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ಬಿದ್ದಿದ್ದರೆ ಎಸ್‌ಎಸ್‌ಡಿಯ ಕೋಶಗಳ ಆವೇಶ ಮೆಲ್ಲಗೆ ಸೋರಿಹೋಗುತ್ತದೆ. ಕಾಂತೀಯವಾಗಿ ಬರೆದಿಡುವ ಹಳೆಯ ತಟ್ಟೆಗೆ ಆ ತೊಂದರೆ ಇಲ್ಲ.