ಗುತ್ತಿಗೆಯ ಕಾಗದ ಮತ್ತು ಭೋಗದ ಹಕ್ಕು: ಲಕ್ಷ್ಮೇಶ್ವರ ಶಾಸನದ ಹಿನ್ನೆಲೆಯಲ್ಲಿ

ರೂಢಿಯ ಹಕ್ಕಿಗೆ ಬರಹದ ಆಧಾರವಿಲ್ಲ ಎಂಬುದು ವಸಾಹತು ಆಡಳಿತ ಬಿಟ್ಟುಹೋದ ನಂಬಿಕೆ. ಕನ್ನಡ ಸಂಶೋಧನೆಯೂ ಅದನ್ನು ಹೆಚ್ಚು ಪ್ರಶ್ನಿಸಿಲ್ಲ. ಪ್ರಶ್ನಿಸಲು ಬೇಕಾದ ಸಾಮಗ್ರಿ ಗದಗ ಪರಿಸರದಲ್ಲಿಯೇ ಇದೆ ಎಂಬುದು ಈ ಟಿಪ್ಪಣಿಯ ವಾದ.

ಈ ನಂಬಿಕೆಯ ಪರಿಣಾಮ ನಿಚ್ಚಳವಾಗಿ ಕಾಣುವುದು ಕಡಲಂಚಿನಲ್ಲಿ. ತೂತ್ತುಕುಡಿ ಕರಾವಳಿಯ ಶಂಖ ಮತ್ತು ಮುತ್ತಿನ ಚಿಪ್ಪನ್ನು ವಸಾಹತು ಸರ್ಕಾರ ತನ್ನ ಏಕಸ್ವಾಮ್ಯವೆಂದು ಎಣಿಸಿತು. ಕೆಲವೊಮ್ಮೆ ಗುತ್ತಿಗೆಗೂ ಕೊಟ್ಟಿತು. 1904ರಲ್ಲಿ ಮದರಾಸು ಹೈಕೋರ್ಟಿನ ಮುಂದೆ ಬಂದ ಅಣ್ಣಕುಮಾರು ಪಿಳ್ಳೈ ಮೊಕದ್ದಮೆಯಲ್ಲಿ, ರಾಮನಾಡು ಜಮೀನ್ದಾರಿಯ ಗುತ್ತಿಗೆಗೆ ಒಳಪಟ್ಟ ಕಡಲಿನಿಂದ ಶಂಖ ತೆಗೆದರೆ ಅದು ಕಳವಾಗುತ್ತದೆಯೇ ಎಂಬುದೇ ಪ್ರಶ್ನೆಯಾಗಿತ್ತು. ಕಾಗದವೊಂದು ಹುಟ್ಟಿದೊಡನೆ ಮುಳುಗುಗಾರನ ಕಸುಬು ಅಪರಾಧದ ಭಾಷೆಯಲ್ಲಿ ವಿಚಾರಣೆಗೆ ಒಳಗಾಗುವುದು ಇಲ್ಲಿ ಗಮನಾರ್ಹ.

ನಮ್ಮ ಅಘನಾಶಿನಿ ಅಳಿವೆಯಲ್ಲಿ ಈ ಪ್ರಶ್ನೆ ಇನ್ನೂ ಜೀವಂತವಾಗಿದೆ. ಇಳಿತದ ಹೊತ್ತಿನಲ್ಲಿ ಬಳಚು ಆಯುವವರು ಸುಮಾರು 2,300 ಮಂದಿ ಎಂದು 2008ರ ಅಧ್ಯಯನವೊಂದು ಅಂದಾಜಿಸಿತು. ಅದೇ ಅಳಿವೆಯ ತಳದ ಚಿಪ್ಪಿನ ನಿಕ್ಷೇಪವನ್ನು ಸುಣ್ಣಕ್ಕಾಗಿ ತೆಗೆಯಲು ಪರವಾನಿಗೆ ನೀಡಲಾಗಿದೆ. ಪರವಾನಿಗೆಗೆ ಕಡತವಿದೆ, ಆಯುವ ಹೆಂಗಸರ ಹಕ್ಕಿಗೆ ಇರುವುದು ನೆನಪು ಮಾತ್ರ.

ಆದರೆ ಕಾಗದಕ್ಕೇ ಮೇಲುಗೈ ಎಂಬುದು ನಮ್ಮ ನೆಲದ ಸನಾತನ ನಿಯಮವಲ್ಲ. ಬಾದಾಮಿ ಚಾಲುಕ್ಯ ಯುವರಾಜ ವಿಕ್ರಮಾದಿತ್ಯನು ಸು. 725ರಲ್ಲಿ ಪೊರಿಗೆರೆಗೆ, ಅಂದರೆ ಇಂದಿನ ಲಕ್ಷ್ಮೇಶ್ವರಕ್ಕೆ, ನೀಡಿದ ಆಚಾರವ್ಯವಸ್ಥೆಯ ಶಾಸನವನ್ನು ನೋಡಬೇಕು. ಅದು ರಾಜಪುರುಷರ ಹಾಗೂ ಊರವರ ಪರಸ್ಪರ ಕರ್ತವ್ಯಗಳನ್ನು ನಿಗದಿಪಡಿಸುತ್ತದೆ. ರಾಜಪುರುಷರು ಕಾಪಾಡಬೇಕಾದವುಗಳ ಪಟ್ಟಿಯಲ್ಲಿ ರಾಜದತ್ತಿ, ತಾಮ್ರಶಾಸನಗಳ ಸಾಲಿನಲ್ಲಿಯೇ ಸತ್ಪುರುಷರ ಸಾಕ್ಷ್ಯ, ಮರ್ಯಾದೆ ಮತ್ತು ಅನುಭವಿಸಿಕೊಂಡು ಬಂದ ಭೋಗಗಳೂ ಸೇರಿವೆ. ಬರಹ ಇಲ್ಲಿ ರೂಢಿಯನ್ನು ಅಳಿಸುವುದಿಲ್ಲ, ಅದಕ್ಕೆ ಕಾವಲಾಗುತ್ತದೆ. ಗುತ್ತಿಗೆಯ ಕಾಗದಕ್ಕೂ ಈ ಶಾಸನಕ್ಕೂ ಇರುವ ಅಂತರ ಇದು. ಭಾಷಾಚರಿತ್ರೆ ಹಾಗೂ ರಾಜಕೀಯ ಚರಿತ್ರೆಗಳ ಆಚೆಗೆ, ಹಕ್ಕಿನ ಚರಿತ್ರೆಯ ಆಕರವಾಗಿ ಇದನ್ನು ಓದುವ ಕೆಲಸ ಇನ್ನಷ್ಟು ನಡೆಯಬೇಕು.

ಇದು ಕೇವಲ ಪುರಾತನ ಕುತೂಹಲವಲ್ಲ. ವಸಾಹತು ಕಾಲದಲ್ಲಿ ಗದಗ-ಬೆಟಗೇರಿ, ಮುಂಡರಗಿಗಳು ಮುಂಬಯಿ ಆಧಿಪತ್ಯಕ್ಕೂ, ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೂ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ತುಂಗಭದ್ರೆಯ ಆಚೆ ದಡದ ಹಡಗಲಿ ಮದರಾಸು ಆಧಿಪತ್ಯದಲ್ಲಿತ್ತು. ಒಂದೇ ಹೊಳೆಯ ಅಂಬಿಗರ ರೂಢಿಯನ್ನು ಹಲವು ದಫ್ತರಗಳಲ್ಲಿ ಹುಡುಕಬೇಕಾದ ಸ್ಥಿತಿ ನಮ್ಮದು.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯೂ ಶಿರಹಟ್ಟಿ ಸೀಮೆಯ ಮಾಗಡಿ ಕೆರೆಯೂ ರಾಮ್ಸರ್ ಪಟ್ಟಿಗೆ ಸೇರಿದುದನ್ನು ಒಟ್ಟಿಗೇ ಪ್ರಕಟಿಸಲಾಯಿತು. ಕಪ್ಪತಗುಡ್ಡವು 2019ರಲ್ಲಿ ವನ್ಯಜೀವಿಧಾಮವಾಯಿತು. ಇವು ಸ್ವಾಗತಾರ್ಹ; ಗಣಿಗಾರಿಕೆಯ ಎದುರು ಕಪ್ಪತಗುಡ್ಡಕ್ಕೆ ರಕ್ಷಣೆ ಅಗತ್ಯವೇ ಆಗಿತ್ತು. ಆದರೆ ನೆಲಜಲಗಳಿಗೆ ಹೊಸ ಬೆಲೆ ಬಂದಾಗಲೆಲ್ಲ ಹಳೆಯ ಬಳಕೆದಾರ ದಾಖಲೆಯಿಂದ ಹೊರಗುಳಿಯುವ ಅಪಾಯವಿದೆ. 2006ರ ಅರಣ್ಯಹಕ್ಕು ಕಾಯ್ದೆ ಅರಣ್ಯವಾಸಿಗಳಿಗೆ ಮೀನು ಮತ್ತಿತರ ಜಲೋತ್ಪನ್ನಗಳ ಸಮುದಾಯ ಹಕ್ಕನ್ನು ಮಾನ್ಯಮಾಡಿದೆ. ಅದರ ನಿಯಮಗಳು ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿ ಸಾಕ್ಷ್ಯವಾಗಿ ಪರಿಗಣಿಸುತ್ತವೆ. ಪೊರಿಗೆರೆಯ ಶಾಸನ ಸತ್ಪುರುಷರ ಸಾಕ್ಷ್ಯಕ್ಕೆ ಕೊಟ್ಟ ಮನ್ನಣೆಗೆ ಇದು ಸಮೀಪದ್ದು.

ರೂಢಿಯೆಲ್ಲವೂ ನ್ಯಾಯವೆಂದಲ್ಲ. ಅದರೊಳಗೆ ಜಾತಿಯ ತಡೆಯೂ ಲಿಂಗದ ತಾರತಮ್ಯವೂ ಇರಬಹುದು. ದಾಖಲಿಸುವಾಗ ಅವನ್ನೂ ಮರೆಮಾಚದೆ ಬರೆಯಬೇಕು.

ಆದುದರಿಂದ ಕನ್ನಡ ವಿಭಾಗಗಳ ಕ್ಷೇತ್ರಕಾರ್ಯ ಹಾಡು-ಕಥೆಗಳ ಸಂಗ್ರಹಕ್ಕೆ ನಿಲ್ಲಬಾರದು. ಯಾವ ಮಡುವಿಗೆ ಯಾವ ಹೆಸರು, ಅಲ್ಲಿ ಬಲೆ ಬೀಸುವವರು ಯಾರು, ಯಾವ ಮಾಸದಲ್ಲಿ ನಿಷೇಧ, ತಂಟೆ ಬಂದರೆ ತೀರ್ಮಾನ ಯಾರದು ಎಂಬ ವಿವರಗಳೂ ಜಾನಪದವೇ. ಹೇಳಿದವರ ಒಪ್ಪಿಗೆಯೊಂದಿಗೆ ಇವನ್ನು ದಿನಾಂಕ, ಸ್ಥಳಸಹಿತ ದಾಖಲಿಸಿ, ಒಂದು ಪ್ರತಿಯನ್ನು ಆಯಾ ಗ್ರಾಮಸಭೆಗೆ ಒಪ್ಪಿಸುವುದು ಸಂಶೋಧಕರ ಹೊಣೆಯಾಗಬೇಕು. ಮುಂದೊಂದು ದಿನ ಗುತ್ತಿಗೆಯ ಕಾಗದ ಎದುರಾದಾಗ ಊರಿನ ಕೈಯಲ್ಲಿಯೂ ಒಂದು ಬರಹ ಇರಬೇಕು.